ಮಾರನಕೊಪ್ಪಲು ಕೆರೆ, ಮೈಸೂರು ಜಿಲ್ಲೆ

ಚಿಕ್ಕಬೋರಮ್ಮನ ಫೋನು ಎರಡನೆಯ ಸಲ ಬಂದಾಗ ಶಾಲಿನಿ ಕಂಪ್ಯೂಟರಿನ ಪರದೆಯ ಮೇಲೆ ಸೇತುವೆಗಳನ್ನು ಆರಿಸುತ್ತಿದ್ದಳು. ಒಂಬತ್ತು ಚೌಕಗಳಲ್ಲಿ ಎಲ್ಲೆಲ್ಲಿ ಸೇತುವೆ ಕಾಣುತ್ತದೋ ಅಲ್ಲೆಲ್ಲ ಒತ್ತಿದರೆ ನೀವು ಯಂತ್ರವಲ್ಲ, ಮನುಷ್ಯರೇ ಎಂದು ಖಾತ್ರಿಯಾಗಿ ದಾಖಲೆಗಳ ಬಾಗಿಲು ತೆರೆಯುತ್ತದಂತೆ. ಮೂರು ಸಲ ಒತ್ತಿದ್ದಳು, ಮೂರು ಸಲವೂ ಖಾತ್ರಿಯಾಗಿರಲಿಲ್ಲ. ಎಲ್ಲಿಯವೋ ಸೇತುವೆಗಳು. ಒಂದರ ಕಂಬಿಯ ತುದಿ ಪಕ್ಕದ ಚೌಕದೊಳಕ್ಕೆ ಒಂದೆಳೆಯಷ್ಟು ಚಾಚಿತ್ತು; ಅದನ್ನೂ ಸೇತುವೆ ಅನ್ನಬೇಕೋ ಬೇಡವೋ ಎಂದು ಅವಳು ಬೆರಳು ಎತ್ತಿ ಹಿಡಿದು ಕೂತಿದ್ದಳು. ಮೇಜಿನ ಮೇಲೆ ಫೋನು ಗುರುಗುಟ್ಟುತ್ತ ತನ್ನಷ್ಟಕ್ಕೆ ತಾನೇ ಅಂಚಿನ ಕಡೆ ಜರುಗುತ್ತಿತ್ತು. ಅಜ್ಜಿ ಏನು ಕೇಳುತ್ತಾಳೆಂದು ಗೊತ್ತು. ಏಳು ವರ್ಷಗಳಿಂದ ಹಬ್ಬಕ್ಕೆ ಹೋದರೂ ಸಾವಿಗೆ ಹೋದರೂ, ಉಂಡೆಯಾ ಎಂದು ವಿಚಾರಿಸಿದ ಮೇಲೆ ಅವಳು ಕೇಳುವುದು ಅದೊಂದನ್ನೇ: ನಮ್ಮಪ್ಪನ ಕಾಗದ ಎಲ್ಲಿ? ಫೋನು ಸುಮ್ಮನಾಯಿತು. ಶಾಲಿನಿ ಆ ತುದಿಯನ್ನೂ ಸೇರಿಸಿ ಒತ್ತಿದಳು. ಈ ಸಲ ಸೇತುವೆಗಳು ಹೋಗಿ ಮೋಟರ್ ಬೈಕುಗಳು ಬಂದವು.

ಎರಡನೇ ಶನಿವಾರ, ಭಾರತೀನಗರದ ಕಾಲೇಜಿಗೆ ರಜ. ಶಾಲಿನಿ ಅಲ್ಲಿ ಚರಿತ್ರೆಯ ಅತಿಥಿ ಉಪನ್ಯಾಸಕಿ. ಹತ್ತು ವರ್ಷ ಕಳೆದರೂ ಅತಿಥಿಯೇ. ಲ್ಯಾಬಿನ ಬೀಗದ ಕೈ ಕಂಪ್ಯೂಟರ್ ವಿಭಾಗದ ಅಮೃತಳ ಬಳಿ ಇರುತ್ತದೆ. ಅಂಕ ತುಂಬುವ ಕೆಲಸವಿದೆ, ಬಾ, ನೀನೂ ಕೂತ್ಕೊ ಎಂದು ಕರೆದವಳು ಎರಡು ಸಾಲು ಆಚೆ ಕೂತು ಟಕಟಕ ಒತ್ತುತ್ತಿದ್ದಳು. ಹೊರಗೆ ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಂತು ಒಂದು ಇನ್ನೊಂದಕ್ಕೆ ಹಾರ್ನ್ ಹೊಡೆಯುತ್ತಿದ್ದವು, ಮುಂದಿನದು ಜರುಗುವುದಿಲ್ಲವೆಂದು ಗೊತ್ತಿದ್ದೂ ಹೊಡೆಯುತ್ತಿದ್ದವು. ಕಾರ್ಖಾನೆಯ ಸಿಹಿ ಕಮಟು ವಾಸನೆ ಕಿಟಕಿಯಿಂದ ಬರುತ್ತಿತ್ತು. ಹತ್ತು ವರ್ಷಗಳಲ್ಲಿ ಶಾಲಿನಿ ಆ ವಾಸನೆಯನ್ನು ಮರೆತೇಬಿಟ್ಟಿದ್ದಳು. ಇವತ್ತು ಮಾತ್ರ ಅದು ಮೂಗಿಗೆ ಬಡಿದು ಸಿಟ್ಟು ತರಿಸುತ್ತಿತ್ತು. ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಸಂಜೆ ಐದರೊಳಗೆ ಅವಳಿಗೆ ಒಂದು ಹೆಸರು ಬೇಕಿತ್ತು. ಹೆಸರು ಗೊತ್ತಿಲ್ಲದೆ ಅಲ್ಲ, ಗೊತ್ತಿರುವ ಹೆಸರಿಗೆ ಸಾಕ್ಷಿ ಬೇಕಿತ್ತು.

ಅವಳ ಅಪ್ಪನ ಊರು ಮಾರನಕೊಪ್ಪಲು, ಮಳವಳ್ಳಿ ತಾಲ್ಲೂಕಿನಲ್ಲಿ ಕಿರುಗಾವಲಿನ ಆಚೆ. ಅಲ್ಲಿನ ಕೆರೆಯ ಹೂಳೆತ್ತಿ, ಏರಿ ಬಿಗಿ ಮಾಡಿ, ತೂಬಿನ ಪಕ್ಕ ಒಂದು ಕಲ್ಲು ನಿಲ್ಲಿಸುವುದೆಂದು ಕೆರೆ ಸಂಘದವರು ನಿಶ್ಚಯಿಸಿದ್ದರು. ಕಲ್ಲಿನ ಮೇಲೆ ಕೆರೆಯ ಚರಿತ್ರೆ. ನಮ್ಮೂರ ಮಗಳು, ಹಿಸ್ಟರಿ ಮೇಡಮ್ಮು, ನೀವೇ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿ ಶಿವರಾಮು ಮನೆವರೆಗೂ ಬಂದು ಹೇಳಿದ್ದ. ಊರಿನ ಮೇಲಿನ ಬೀದಿಯವನು, ಪಟೇಲರ ಮನೆತನದವನು, ಅವಳ ಮನೆಯಲ್ಲಿ ಕಾಫಿ ಕುಡಿದು ಲೋಟವನ್ನು ತಾನೇ ಒಳಗಿಡಲು ಎದ್ದವನು. ಹನ್ನೆರಡು ಸಾಲು ಸಾಕು ಎಂದಿದ್ದ, ಅವಳು ಹದಿಮೂರು ಬರೆದಳು. ಹದಿಮೂರನೆಯದು: ಕೆರೆಯ ನೀರುಗಂಟಿ ನಿಂಗಯ್ಯ. ನೀರುಗಂಟಿಯೆಂದರೆ ತೂಬು ತೆಗೆದು, ಸರದಿ ನೋಡಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವವನು. ಅವಳ ಕೇರಿಯವರಿಗೆ ತಲೆಮಾರಿನಿಂದ ಬಂದ ಕೆಲಸ ಅದು. ಊರಿಗೆಲ್ಲ ನೀರು ಬಿಟ್ಟವನು ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅದನ್ನೇನೂ ಅವಳು ಬರೆದಿರಲಿಲ್ಲ, ಹೆಸರು ಮಾತ್ರ ಬರೆದಿದ್ದಳು. ಶಿವರಾಮು ಓದಿ ಫೋನು ಮಾಡಿದ. "ಚೆಂದಾಗ್ ಬರ್ದಿದ್ದೀರಿ ಮೇಡಂ. ಆ ಕೊನೆ ಎಸ್ರಿಗೆ ಒಂದ್ ದಾಕ್ಲೆ ಇದ್ರೆ ಕೊಟ್ಬುಡಿ, ನಾಳೆ ಯಾರಾರ ಕೇಳುದ್ರೆ ತೋರ್ಸಕ್ಕೆ." ಅದೇ ಕಲ್ಲಿನ ಮೇಲೆ ಬರುವ ಪಟೇಲರ ಹೆಸರಿಗೆ ದಾಖಲೆ ಇದೆಯಾ ಎಂದು ಅವಳು ಕೇಳಿದಳು. "ಅದು ಊರಿಗೇ ಗೊತ್ತಿರೋದಲ್ವಾ ಮೇಡಂ" ಎಂದ, ಪಾಪ, ನಿಜವಾಗಿಯೂ ಅಚ್ಚರಿಪಟ್ಟು. ಅದಕ್ಕೆ ಏನು ಹೇಳಬೇಕಿತ್ತೋ ಅದು ಶಾಲಿನಿಗೆ ಎರಡು ಗಂಟೆ ತಡವಾಗಿ, ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವಾಗ ಹೊಳೆಯಿತು.

ದಾಖಲೆ ಇತ್ತು, ಅದೇ ಸಂಕಟ. ಇಲ್ಲದೇ ಹೋಗಿದ್ದರೆ ಎಷ್ಟೋ ನೆಮ್ಮದಿ. ನಿಂಗಯ್ಯನ ಮಗಳು ಚಿಕ್ಕಬೋರಮ್ಮ, ಶಾಲಿನಿಯ ತಾತನ ತಂಗಿ, ಅದನ್ನೊಂದು ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿ, ಬಾಯಿಗೆ ಬಟ್ಟೆ ತುರುಕಿ, ಅಟ್ಟದ ಅಡ್ಡೆಗೆ ಸಿಕ್ಕಿಸಿ ಎಪ್ಪತ್ತು ವರ್ಷ ಕಾಪಾಡಿದ್ದಳು. ಓದಲು ಬಾರದವಳು. ವರ್ಷಕ್ಕೊಂದು ಸಲ ಗೌರಿ ಹಬ್ಬದ ಹಿಂದಿನ ದಿನ ತೆಗೆದು ಬಿಸಿಲಿಗೆ ಹಿಡಿದು ಮತ್ತೆ ಸುತ್ತಿಡುವಳು. ಒಂದೇ ಒಂದು ಹಾಳೆ. ತಾಲ್ಲೂಕು ಕಚೇರಿಯ ಯಾರೋ ಬಾಗಿದ ಅಕ್ಷರದಲ್ಲಿ ಬರೆದಿದ್ದರು, ಕೆಳಗೆ ಎಡಮೂಲೆಯಲ್ಲಿ ನಿಂಗಯ್ಯನ ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಅವನ ಹೆಸರು. ಏಳು ವರ್ಷದ ಹಿಂದೆ ಮಂಡ್ಯದಲ್ಲಿ ಒಂದು ಟ್ರಸ್ಟಿನವರು ಮೂರು ದಿನ ಶಿಬಿರ ಮಾಡಿ, ಮನೆಮನೆಯ ಹಳೆಯ ಕಾಗದಗಳನ್ನು ತನ್ನಿ, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ನಿಮ್ಮದನ್ನು ನಿಮಗೇ ಕೊಡುತ್ತೇವೆ ಎಂದಿದ್ದರು. ಅಜ್ಜಿ ಕೊಡಲೊಲ್ಲೆ ಎಂದಳು. ಶಾಲಿನಿ ಜಗಲಿಯ ಮೇಲೆ ಕೂತು ಒಂದು ಮಧ್ಯಾಹ್ನವೆಲ್ಲ ಪಾಠ ಮಾಡಿದಳು: ಗೆದ್ದಲು ಹಿಡಿಯುತ್ತದೆ, ಮಳೆ ಸೋರುತ್ತದೆ, ಕಂಪ್ಯೂಟರಿನಲ್ಲಿದ್ದರೆ ಯಾವತ್ತಿಗೂ ಹಾಳಾಗಲ್ಲ, ಇಡೀ ಪ್ರಪಂಚವೇ ನೋಡಬಹುದು. "ಪರ್ಪಂಚ ಯಾಕವ್ವ ನೋಡ್ಬೇಕು" ಎಂದು ಅಜ್ಜಿ ಕೇಳಿದ್ದಳು. "ನಮ್ಮೂರೋರ್ ನೋಡುದ್ರೆ ಸಾಕು." ಕೊನೆಗೆ ಕೊಟ್ಟಳು. ಕೊಡುವಾಗ ಕೊಳವೆ ಕೊಡಲಿಲ್ಲ, ಹಾಳೆ ಮಾತ್ರ ಕೊಟ್ಟು, ಕೊಳವೆ ಇಲ್ಲೇ ಇರಲಿ, ತಿರುಗಿ ಬಂದಾಗ ಬೇಕಾಗುತ್ತದೆ ಎಂದಳು.

ಅದು ತಿರುಗಿ ಬರಲಿಲ್ಲ. ಫೋಟೋ ತೆಗೆದವರು ಹಾಳೆಯನ್ನು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಅವಳ ಕೈಗೇ ಕೊಟ್ಟಿದ್ದರು. ಅವರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಮಂಡ್ಯದಲ್ಲಿ ಬೆಂಗಳೂರು ಬಸ್ಸು ಹತ್ತಿದಳು, ಸೀಟು ಸಿಕ್ಕಿತು, ಫೋಲ್ಡರು ಮಡಿಲಲ್ಲಿದ್ದರೆ ಬೆವರು ಅಂಟುತ್ತದೆಂದು ಮೇಲಿನ ರ‍್ಯಾಕಿನಲ್ಲಿಟ್ಟಳು. ಕಣ್ಣು ಹತ್ತಿತು. ಮದ್ದೂರು ಮದ್ದೂರು ಎಂದು ಕಂಡಕ್ಟರು ಕೂಗಿದಾಗ ಧಡಕ್ಕನೆ ಎದ್ದು ಇಳಿದಳು. ಬಸ್ಸು ಹೊಗೆಯುಗುಳಿ ಹೊರಟಾಗ, ಎರಡೂ ಕೈ ಖಾಲಿ ಇವೆಯಲ್ಲ ಎಂದು ಒಂದು ಕ್ಷಣ ಹಗುರವೆನಿಸಿತ್ತು ಬೇರೆ. ಆಮೇಲೆ ಮೂರು ದಿನ ಡಿಪೋಗಳಿಗೆ ಅಲೆದಳು. ಏನಿತ್ತಮ್ಮ ಅದರಲ್ಲಿ ಎಂದು ಕೇಳಿದರು. ಕಾಗದ ಎಂದಳು. ಯಾವ ಕಾಗದ, ಮಾರ್ಕ್ಸ್ ಕಾರ್ಡಾ, ಪಾಸ್‌ಪೋರ್ಟಾ? ಹಳೇ ಕಾಗದ. "ಹಳೇ ಕಾಗ್ದುಕ್ಕೆ ಇಷ್ಟೊಂದ್ ಓಡಾಡ್ತಾವ್ರೆ ನೋಡ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ, ಅವಳಿಗೆ ಕೇಳಿಸುವ ಹಾಗೆಯೇ. ಅಜ್ಜಿಗೆ ಮಾತ್ರ ಅದು ಟ್ರಸ್ಟಿನವರ ಹತ್ತಿರ ಭದ್ರವಾಗಿದೆ ಎಂದಳು. ಒಂದು ಸಲ ಅಂದದ್ದನ್ನು ಎರಡನೆಯ ಸಲ ಅನ್ನುವುದು ಸುಲಭ, ಹತ್ತನೆಯ ಸಲ ಅನ್ನುವಾಗ ತಾನೇ ನಂಬತೊಡಗಿದ್ದಳು. ಹಾಳೆ ಹೋದರೇನು, ಫೋಟೋ ಇದೆ, ಅದಿರುವವರೆಗೆ ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಮೇಲೆ ಟ್ರಸ್ಟು ಮುಚ್ಚಿಹೋಯಿತು. ಅದರ ಜಾಲತಾಣದ ವಿಳಾಸ ಒತ್ತಿದರೆ ಈ ಹೆಸರು ಮಾರಾಟಕ್ಕಿದೆ ಎಂದು ಬರತೊಡಗಿತು.

ಮೋಟರ್ ಬೈಕುಗಳು ಮುಗಿದು ಬಾಗಿಲು ತೆರೆಯಿತು. ಟ್ರಸ್ಟಿನ ಫೋಟೋಗಳೆಲ್ಲ ಅಂತರ್ಜಾಲದ ಈ ದೊಡ್ಡ ಸಂಗ್ರಹಕ್ಕೆ ಬಂದು ಬಿದ್ದಿವೆಯೆಂದು ಪತ್ತೆ ಮಾಡಲಿಕ್ಕೇ ಅವಳಿಗೆ ಎರಡು ತಿಂಗಳು ಹಿಡಿದಿತ್ತು. ನಾಲ್ಕು ಲಕ್ಷ ಚಿತ್ರಗಳು. ಮಾರನಕೊಪ್ಪಲು ಎಂದು ಹುಡುಕಿದರೆ ಸೊನ್ನೆ. ಹಳೆಯ ಕೈಬರಹವನ್ನು ಯಂತ್ರ ಓದಲಾರದು; ಸೂಚಿ ಮಾಡಿದವರು ಊರಿನ ಹೆಸರು ಬರೆಯುವ ಗೋಜಿಗೆ ಹೋಗಿರಲಿಲ್ಲ, ಜಿಲ್ಲೆ, ತಾಲ್ಲೂಕು, ಇಸವಿ ಅಷ್ಟೇ. ನಿಂಗಯ್ಯ ಎಂದರೆ ಒಂದು ನಾಟಕದ ಕರಪತ್ರ. ನೀರುಗಂಟಿ ಎಂದರೆ ನೀರಾವರಿ ಮಂತ್ರಿಯೊಬ್ಬರ ಸನ್ಮಾನದ ಸ್ಮರಣ ಸಂಚಿಕೆ. ಮಂಡ್ಯ ಜಿಲ್ಲೆ ಎಂದು ಸೋಸಿದರೆ ಸಾವಿರದ ನೂರ ನಲವತ್ತಾರು. ಮೂರು ವಾರದಿಂದ ಆ ಸಾವಿರದ ನೂರ ನಲವತ್ತಾರನ್ನೂ ಒಂದೊಂದಾಗಿ ತೆರೆದು ನೋಡಿದ್ದಳು: ಲಗ್ನಪತ್ರಿಕೆಗಳು, ಸಹಕಾರ ಸಂಘದ ಗುಂಪು ಚಿತ್ರಗಳು, ಯಾರದೋ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು, ಕೊಕ್ಕರೆ ಬೆಳ್ಳೂರಿನ ಮರದ ತುಂಬ ಕೂತ ಹಕ್ಕಿಗಳ ಮಸುಕು ಫೋಟೋ. ಸಿಕ್ಕಿರಲಿಲ್ಲ. ಎಲ್ಲೋ ಕಣ್ಣು ತಪ್ಪಿರಬೇಕೆಂದು ಇವತ್ತು ಎರಡನೆಯ ಸಲ ಮೊದಲಿಂದ ಶುರುಮಾಡಿದ್ದಳು. ಪ್ರತಿ ಚಿತ್ರಕ್ಕೂ ಪರದೆಯ ಮಧ್ಯೆ ಒಂದು ಉಂಗುರ ಸುತ್ತುತ್ತದೆ, ಸುತ್ತುತ್ತದೆ, ಆಮೇಲೆ ಯಾರದೋ ಮದುವೆ.

ಇದೊಂದೇ ಆಗಿದ್ದರೆ ಸಹಿಸಬಹುದಿತ್ತು. ಇನ್ನೊಂದು ಕಿಟಕಿಯಲ್ಲಿ ನೂರು ವರ್ಷದ ಹಿಂದಿನ ಕೆರೆಗಳ ವರದಿಯೊಂದು ಕಂಡಿತ್ತು. ಯಾವುದೋ ದೂರದೇಶದ ವಿಶ್ವವಿದ್ಯಾಲಯದವರು ಪುಟ ಪುಟ ಬಿಡಿಸಿ ಹಾಕಿದ್ದರು. ಮಳವಳ್ಳಿ ತಾಲ್ಲೂಕು ಎಂದು ಒತ್ತಿದರೆ, ಈ ಪುಸ್ತಕವನ್ನು ನಿಮ್ಮ ದೇಶದಲ್ಲಿ ನೋಡಲು ಅವಕಾಶವಿಲ್ಲ. ಮಳವಳ್ಳಿಯ ಕೆರೆಗಳನ್ನು ಮಳವಳ್ಳಿಯವರು ಬಿಟ್ಟು ಮಿಕ್ಕವರು ನೋಡಬಹುದು. ನೋಡಬಹುದಾಗಿದ್ದ ಇನ್ನೊಂದು ಪ್ರತಿಯಲ್ಲಿ ನಕ್ಷೆಯ ಪುಟ ಬಂದಾಗ, ಮಡಿಸಿದ ನಕ್ಷೆಯನ್ನು ಬಿಡಿಸದೆ ಮಡಿಸಿದಂತೆಯೇ ಫೋಟೋ ಹೊಡೆದಿದ್ದರು. ಬಿಳಿಯ ಬೆನ್ನು, ಅದರಾಚೆ ಮಸುಕಾಗಿ ಒಂದು ನೀಲಿ ಗೆರೆ. ಶಾಲಿನಿಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದು ಸಲ ಬಿಡಿಸಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ಕೆಲಸ ಮಾಡಿದವನು ಬೇಸರದಲ್ಲಿದ್ದಿರಬೇಕು, ಊಟದ ಹೊತ್ತಾಗಿರಬೇಕು, ಕಣ್ಣು ಎಲ್ಲೋ ಕೈ ಎಲ್ಲೋ. ಇಂಥವರಿಗೆಲ್ಲ ಯಾಕೆ ಈ ಕೆಲಸ ಕೊಡುತ್ತಾರೆ ಎಂದು ಗಟ್ಟಿಯಾಗಿಯೇ ಅಂದಳು. ಅಮೃತ ಆಚೆಯಿಂದ ತಲೆಯೆತ್ತಿ ನೋಡಿ ಮತ್ತೆ ಅಂಕಗಳಿಗೆ ಬಗ್ಗಿದಳು.

ಆಕರ ಯಾವುದು ಮೇಡಂ? ಕಾಗದ ಕಳೆದ ಮೇಲೆ ಮಂಡ್ಯದ ವಿಚಾರ ಸಂಕಿರಣವೊಂದರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದ್ದು ಅದೇ. ನಿಂಗಯ್ಯ ಕೋಲು ನೆಟ್ಟು ನೆರಳು ಅಳೆದು ಸರದಿ ಬಿಡುತ್ತಿದ್ದ; ನೀರು ಕಡಿಮೆಯಾದ ವರ್ಷ ಮೊದಲ ಸರದಿ ಕೊನೆಯ ಗದ್ದೆಗೆ, ಪಟೇಲರ ಗದ್ದೆ ತೂಬಿನ ಬುಡದಲ್ಲಿದ್ದರೂ ಕಡೆಗೆ; ತೂಬಿನ ಗೂಟ ಕೀಳಲು ಕುತ್ತಿಗೆಮಟ್ಟ ನೀರಿಗೆ ಇಳಿದಾಗ ಏರಿಯ ಮೇಲಿದ್ದವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇಷ್ಟನ್ನು ಅವಳು ತನ್ನ ಪ್ರಬಂಧದಲ್ಲಿ ಓದಿದ್ದಳು. ಕುಟುಂಬದ ಮೌಖಿಕ ಆಕರ ಸಾರ್, ಎಂದಳು. "ಅಂದ್ರೆ ನಿಮ್ಮಜ್ಜಿ" ಎಂದರು ಅವರು, ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಮಧ್ಯಾಹ್ನದ ಊಟಕ್ಕೆ ಮೊದಲಿನ ಸಡಿಲ ನಗು. ಅವರು ನಕ್ಕದ್ದನ್ನು ಶಾಲಿನಿ ಎಂದೋ ಕ್ಷಮಿಸಿದ್ದಾಳೆ. ತಾನೂ ನಕ್ಕಿದ್ದಳಲ್ಲ. ಮೈಕಿನ ಮುಂದೆ ನಿಂತು, ಹೌದು ಸಾರ್, ನಮ್ಮಜ್ಜಿಯೇ ಎಂದು ಹಲ್ಲು ಬಿಟ್ಟು ನಕ್ಕಿದ್ದಳು. ಮುಂದಿನ ವಾರ ಊರಿಗೆ ಹೋದಾಗ ಅಜ್ಜಿ ಕೇಳಿದ್ದಳು: "ನಮ್ಮಪ್ಪುನ್ ವಿಸ್ಯ ಏಳಿದ್ಯಾ ಮಗ? ಕೇಳುದ್ರಾ ಎಲ್ಲಾ?" ಕೇಳಿದರು ಅಜ್ಜಿ, ತುಂಬ ಚೆನ್ನಾಗಿ ಕೇಳಿದರು.

ಒಂದೂವರೆಗೆ ಶಿವರಾಮು ಫೋನು. ಅದನ್ನು ಎತ್ತಲೇಬೇಕಾಯಿತು. "ಕಲ್ಲು ಕೆತ್ತೋರು ಮದ್ದೂರ್ನಲ್ಲಿ ಕಾಯ್ತಾವ್ರೆ ಮೇಡಂ. ಐದ್ ಗಂಟೆಗೆ ಫೈನಲ್ ಮ್ಯಾಟ್ರು ಕೊಡ್ಬೇಕು, ನಾಳೆಯಿಂದ ಬ್ಯಾರೆ ಕೆಲ್ಸ ಒಪ್ಕಂಡವ್ರಂತೆ. ಸಿಕ್ತಾ?" ಹುಡುಕುತ್ತಿದ್ದೇನೆ ಎಂದಳು. "ಸಿಗ್ನಿಲ್ಲ ಅಂದ್ರೂ ಬೇಜಾರ್ ಮಾಡ್ಕಬ್ಯಾಡಿ. ಅಜ್ಜಿ ದಿನಾ ಏರಿ ಮೇಲ್ ಬಂದು ಕೇಳ್ತದೆ ಮೇಡಂ, ಕಲ್ಲು ಯಾವಾಗ್ಲಾ ನಿಲ್ಸೀರಿ ಅಂತ. ನಂಗೂ ಒಂಥರಾ ಆಯ್ತದೆ." ಅವನ ದನಿಯಲ್ಲಿ ನಿಜವಾಗಿಯೂ ಒಂಥರಾ ಇತ್ತು. ಅವನು ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಫೋನಿಟ್ಟು ಕೂತಾಗ ಕರೆಂಟು ಹೋಯಿತು. ಇನ್ನೂರ ಹನ್ನೊಂದನೆಯ ಚಿತ್ರದಲ್ಲಿದ್ದ ಪರದೆ ಕಪ್ಪಾಗಿ ಅದರಲ್ಲಿ ಅವಳ ಮುಖ ಕಂಡಿತು.

ಅಮೃತ ಡಬ್ಬಿ ತೆಗೆದು ಎದುರಿಗೆ ಬಂದು ಕೂತಳು. ಕರೆಂಟು ಬರುವವರೆಗೆ ತಿನ್ನು ಎಂದು ಅರ್ಧ ರೊಟ್ಟಿ ಮುರಿದು ಕೊಟ್ಟಳು. ಚರಿತ್ರೆಯೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಬೆಳಗಿನಿಂದ ಗೆಳತಿ ಒಬ್ಬಳೇ ಬೈದುಕೊಳ್ಳುವುದನ್ನು ಕೇಳಿ ಕನಿಕರ ಬಂದಿತ್ತು. "ಸೂಚಿ ಮಾಡ್ದೋರು ಏನ್ ನೋಡ್ಕೊಂಡು ಜಿಲ್ಲೆ ತುಂಬ್ತಾರೆ?" ಎಂದು ಕೇಳಿದಳು. ಕಾಗದದ ತಲೆಯ ಮೇಲೆ ಇರುವುದನ್ನು ನೋಡಿಕೊಂಡು ಎಂದಳು ಶಾಲಿನಿ. "ನಿಮ್ಮ ಕಾಗದದ ತಲೆ ಮೇಲೆ ಏನಿತ್ತು?" ಶಾಲಿನಿ ಬಾಯಲ್ಲಿದ್ದ ರೊಟ್ಟಿ ಅಗಿಯುತ್ತ, ಕಣ್ಣ ಮುಂದಿನ ಆ ಬಾಗಿದ ಅಕ್ಷರಗಳನ್ನು ಓದುವವಳಂತೆ ಹೇಳಿದಳು: "ಮೈಸೂರು ಡಿಸ್ಟ್ರಿಕ್ಟ್, ಮಳವಳ್ಳಿ ತಾಲ್ಲೂಕು, ಸಾವಿರದ ಒಂಬೈನೂರ ಮೂವತ್ನಾಲ್ಕು." ಅಗಿಯುವುದು ನಿಂತಿತು. ಮಂಡ್ಯ ಜಿಲ್ಲೆ ಹುಟ್ಟಿದ್ದು ಮೂವತ್ತೊಂಬತ್ತರಲ್ಲಿ. ಪ್ರತಿ ಜೂನ್ ತಿಂಗಳು ಮೊದಲ ತರಗತಿಯಲ್ಲಿ ಅವಳೇ ಹಲಗೆಯ ಮೇಲೆ ಬರೆಯುತ್ತಾಳೆ, ಅಡಿಗೆರೆ ಎಳೆಯುತ್ತಾಳೆ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುತ್ತಾಳೆ. ತಪ್ಪು ಬರೆದವರನ್ನು ಮಂಡ್ಯದಲ್ಲಿ ಹುಟ್ಟಿ ಇಷ್ಟು ಗೊತ್ತಿಲ್ಲವಲ್ಲ ಎಂದು ಎಬ್ಬಿಸಿ ನಿಲ್ಲಿಸುತ್ತಾಳೆ. ಮೂರು ವಾರ ಅವಳು ಮೂವತ್ನಾಲ್ಕರ ಕಾಗದವನ್ನು ಇನ್ನೂ ಹುಟ್ಟದ ಜಿಲ್ಲೆಯಲ್ಲಿ ಹುಡುಕಿದ್ದಳು. ಅಮೃತಳಿಗೆ ಹೇಳಲು ನಾಚಿಕೆಯಾಯಿತು. ಕರೆಂಟು ಬರಲಿ ಎಂದಷ್ಟೇ ಅಂದಳು.

ಕರೆಂಟು ಬಂದದ್ದು ಎರಡೂ ಹತ್ತಕ್ಕೆ. ಮತ್ತೆ ಸೇತುವೆ, ಮತ್ತೆ ಬೈಕು, ಈ ಸಲ ಒಂದೇ ಏಟಿಗೆ ಮನುಷ್ಯಳೆಂದು ಖಾತ್ರಿಯಾಯಿತು. ಮೈಸೂರು ಜಿಲ್ಲೆ, ಮಳವಳ್ಳಿ ತಾಲ್ಲೂಕು: ಹನ್ನೊಂದು ಚಿತ್ರಗಳು. ಹನ್ನೊಂದೇ. ಏಳನೆಯದರ ಮೇಲೆ ಉಂಗುರ ಸುತ್ತಿ ನಿಂತಾಗ, ತೆರೆಯುವ ಮೊದಲೇ ಗೊತ್ತಾಯಿತು. ಆ ಹಳದಿ, ಬಲಗಡೆ ಇಲಿ ತಿಂದ ಅಂಚು, ಸುರುಳಿಯ ಅಡ್ಡ ಗೆರೆಗಳು. ಮೈಸೂರು ಡಿಸ್ಟ್ರಿಕ್ಟ್ ಮಳವಳ್ಳಿ ತಾಲ್ಲೂಕು ಮಾರನಕೊಪ್ಪಲು ಕೆರೆ ನೀರುಗಂಟಿಕೆ ಬಾಬ್ತು. ಅಮೃತಾ ಎಂದು ಕೂಗಿಯೇಬಿಟ್ಟಳು. ಸದರಿ ನೀರುಗಂಟಿಯು ತೂಬಿನ ಕೆಳಗಣ ಹತ್ತು ಗುಂಟೆ ಮಾನ್ಯದ ಭೂಮಿಯನ್ನು ಅನುಭವಿಸಿಕೊಂಡು, ಸದರಿಯವನು ಸರದಿ ಪ್ರಕಾರ ನೀರು ಬಿಡತಕ್ಕದ್ದು, ಸದರಿಯವನು ಪಕ್ಷಪಾತ ಮಾಡತಕ್ಕದ್ದಲ್ಲ. ಬರೆದವನಿಗೆ ಹೆಸರು ಬೇಕಿರಲಿಲ್ಲ, ಸದರಿಯವನು ಸಾಕಿತ್ತು. ಹೆಸರು ಇದ್ದದ್ದು ಒಂದೇ ಕಡೆ ಎಂದು ಅವಳಿಗೆ ನೆನಪಿತ್ತು, ಕೊನೆಗೆ, ಎಡಮೂಲೆಯ ಹೆಬ್ಬೆಟ್ಟಿನ ಪಕ್ಕ: ನಿಂಗ ಬಿನ್ ಬೋರ. ಶಾಲಿನಿ ಚಿತ್ರವನ್ನು ಕೆಳಕ್ಕೆ ಜರುಗಿಸಿದಳು.

ಎಡಮೂಲೆಯಲ್ಲಿ ಒಂದು ಹೆಬ್ಬೆರಳಿತ್ತು. ಗುರುತಲ್ಲ, ಬೆರಳು. ಹಾಳೆ ಸುರುಳಿಗೊಳ್ಳದಂತೆ ಯಾರೋ ಒತ್ತಿ ಹಿಡಿದ ಬೆರಳು, ಅರ್ಧ ಎದ್ದುಹೋದ ಕೆಂಪು ಬಣ್ಣದ ಉಗುರು, ಗೆಣ್ಣಿನ ಹತ್ತಿರ ಅಡ್ಡಕ್ಕೆ ಒಂದು ಹಳೆಯ ಗಾಯದ ಬಿಳಿ ಗೆರೆ. ನಿಂಗಯ್ಯನ ಗುರುತೂ ಹೆಸರೂ ಅದರಡಿ ಪೂರ್ತಿ ಮುಚ್ಚಿಹೋಗಿದ್ದವು. ಯಾವ ದರಿದ್ರದವರು ಇದು ಎಂದು ಬಾಯಿಗೆ ಬಂತು. ಮೌಸಿನ ಮೇಲಿದ್ದ ತನ್ನ ಕೈ ನೋಡಿಕೊಂಡಳು. ಅಜ್ಜಿಯ ಜಗಲಿಯಲ್ಲಿ ಕಬ್ಬು ಸಿಗಿಯಲು ಹೋಗಿ ಕುಡುಗೋಲು ತಗುಲಿದಾಗ ಅವಳಿಗೆ ಎಂಟು ವರ್ಷ. ಅಜ್ಜಿ ಅರಿಶಿನ ಮೆತ್ತಿ ಸೆರಗು ಹರಿದು ಕಟ್ಟಿದ್ದಳು. ಶಿಬಿರದ ವಾರ ಚಿಕ್ಕಪ್ಪನ ಮಗಳ ಮದುವೆಯಾಗಿತ್ತು, ಯಾರೋ ಹಿಡಿದು ಕೂರಿಸಿ ಉಗುರಿಗೆ ಬಣ್ಣ ಹಚ್ಚಿದ್ದರು. ಮೇಡಂ, ಸುತ್ಕೊಂಡ್ ಸುತ್ಕೊಂಡ್ ಬರ್ತಿದೆ, ಆ ಮೂಲೆ ಸ್ವಲ್ಪ ಒತ್ತಿ ಹಿಡ್ಕೊಳ್ಳಿ ಎಂದಿದ್ದಳು ಕ್ಯಾಮೆರಾದ ಹುಡುಗಿ. ಶಾಲಿನಿ ಒತ್ತಿ ಹಿಡಿದಿದ್ದಳು. ಹಿಡಿದು ಕಿಟಕಿಯಾಚೆ ನೋಡುತ್ತ, ಇದನ್ನು ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿ ಹಾಕುವಾಗ ಖಾಸಗಿ ಸಂಗ್ರಹ ಎನ್ನುವುದೋ ಕುಟುಂಬ ಸಂಗ್ರಹ ಎನ್ನುವುದೋ ಎಂದು ಯೋಚಿಸುತ್ತಿದ್ದಳು. ಅದು ಚೆನ್ನಾಗಿ ನೆನಪಿದೆ. ಅಮೃತ ಹಿಂದಿನಿಂದ ಬಗ್ಗಿ ನೋಡಿ, "ಅಯ್ಯೋ, ಯಾರೋ ಬೆರಳಿಟ್ಬಿಟ್ಟಿದಾರಲ್ಲೇ" ಎಂದಳು. ಹೂಂ ಎಂದಳು ಶಾಲಿನಿ. ಎಂಟನೆಯ ಚಿತ್ರ ತೆರೆದು ನೋಡಿದಳು, ಇನ್ನೊಮ್ಮೆ ತೆಗೆದಿರಬಹುದೆಂಬ ಆಸೆಯಿಂದ. ಅದು ಬೇರೆ ಊರಿನ ಬೇರೆಯವರ ಕ್ರಯಪತ್ರ, ಅದರಲ್ಲಿ ಯಾರ ಬೆರಳೂ ಇರಲಿಲ್ಲ.

ಚಿತ್ರವನ್ನು ಹಿಗ್ಗಿಸಿದಳು. ಬೆರಳಿನ ಪಕ್ಕದಲ್ಲಿ ಒಂದು ಅಕ್ಷರದ ಬಾಲವಾದರೂ ಕಾಣಬಹುದೆಂದು ಹಿಗ್ಗಿಸಿ ಹಿಗ್ಗಿಸಿ ನೋಡಿದಳು, ಬರೀ ಚೌಕ ಚೌಕಗಳಾದವು. ಕೆಳಗಿದ್ದದ್ದು ನಿಂಗ ಬಿನ್ ಬೋರ ಎಂದು ನಾನು ಓದಿದ್ದೇನೆ ಎಂದು ಬರೆದುಕೊಟ್ಟರೆ? ಆಕರ ಯಾವುದು ಮೇಡಂ. ನಾನೇ, ಸಾರ್. ಅಂದರೆ ನಿಮ್ಮಜ್ಜಿ, ಈಗ ನೀವು. ಫೋಟೋವನ್ನು ಫೋನಿಗೆ ಇಳಿಸಿಕೊಂಡು ಶಿವರಾಮುವಿಗೆ ಕಳಿಸಿದಳು. ಒಂದು ಮಾತೂ ಸೇರಿಸದೆ ಕಳಿಸಿದಳು, ಕೆಳಗಿನವರೆಗೆ ನೋಡದೆ ಅವನು ಒಪ್ಪಿಕೊಂಡರೆ ಒಪ್ಪಿಕೊಳ್ಳಲಿ ಎಂಬ ಹೇಡಿತನದಿಂದ. ಉತ್ತರ ಬಂದಾಗ ಅವಳು ಅಜ್ಜಿಯ ಊರಿಗೆ ಹೊರಟು ಮಳವಳ್ಳಿಯಲ್ಲಿ ಕಿರುಗಾವಲಿನ ಬಸ್ಸು ಹತ್ತಿ ಕೂತಿದ್ದಳು. ಅವನು ಕೆಳಗಿನವರೆಗೂ ನೋಡಿದ್ದ. ದಾಖಲೆ ಚೆನ್ನಾಗಿದೆ ಮೇಡಂ, ನೀರುಗಂಟಿ ಇದ್ದದ್ದು ಖಚಿತವಾಯ್ತು, ಹೆಸರಿನ ಮೇಲೆ ಬೆರಳಿದೆ, ಒರಿಜಿನಲ್ ಕಾಗದ ತಂದು ತೋರಿಸಿದರೆ ಸಾಕು, ಇಲ್ಲವೆಂದರೆ ಹೆಸರಿಲ್ಲದೆ ನೀರುಗಂಟಿ ಎಂದಷ್ಟೇ ಹಾಕಿಸುತ್ತೇನೆ, ಐದರವರೆಗೆ ಕಾಯುತ್ತೇನೆ. ನಾಲ್ಕಾಗಲು ಹತ್ತು ನಿಮಿಷವಿತ್ತು. ಹೆಸರಿಲ್ಲದ ನೀರುಗಂಟಿ, ಸದರಿಯವನು. ಬಸ್ಸಿನ ರ‍್ಯಾಕಿನಲ್ಲಿ ಯಾರದೋ ಚೀಲ ಬಿಟ್ಟುಹೋಗಿದ್ದರೆ ಎಂದು ಅವಳು ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದಳು. ಏಳು ವರ್ಷದಿಂದ ಯಾವ ಬಸ್ಸು ಹತ್ತಿದರೂ ನೋಡುತ್ತಾಳೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು: ಅಜ್ಜಿ, ಕಾಗದ ಯಾರ ಹತ್ತಿರವೂ ಇಲ್ಲ, ಅವತ್ತೇ ಕಳೆದುಹಾಕಿದೆ, ಇಷ್ಟು ದಿನ ಸುಳ್ಳು ಹೇಳಿದೆ. ಮೂರೇ ಮಾತು. ಕಿರುಗಾವಲಿನಲ್ಲಿ ಇಳಿದು ಆಟೋ ಹಿಡಿಯುವಾಗ ಮೂರೂ ಇದ್ದವು, ಏರಿಯ ಹತ್ತಿರ ಇಳಿಯುವಾಗ ಮೊದಲನೆಯದು ಮಾತ್ರ ಉಳಿದಿತ್ತು.

ಚಿಕ್ಕಬೋರಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಬೇಡ, ಒಂದರಲ್ಲಿ ಕಾಣುವಷ್ಟು ಸಾಕೆಂದು ಅವಳ ಹಟ. "ಎರಡ್ ಸಲ ಪೋನ್ ಮಾಡ್ಸುದ್ನಲ್ಲವ್ವ, ಎತ್ಬಾರ್ದಾ" ಎಂದಳು. "ಉಂಡ್ಯಾ?" ಉಂಡೆ ಎಂದಳು ಶಾಲಿನಿ. "ಸಿವರಾಮು ಏಳ್ದ, ಕಂಪೂಟರ್ನಲ್ಲಿ ಸಿಕ್ತಂತೆ ನಮ್ಮಪ್ಪುನ್ ಕಾಗ್ದ. ಅದ್ಕೇ ಕೊಳ್ವೆ ಇಳ್ಸಿ ಒರ್ಸಿ ಮಡಗಿವ್ನಿ." ಬಾಗಿಲ ಪಕ್ಕ ಬಿದಿರಿ‌ನ ಕೊಳವೆ ನಿಂತಿತ್ತು. ಎಣ್ಣೆ ಸವರಿ ಒರೆಸಿದ್ದಳು, ಬಾಯಿಗೆ ತುರುಕಲು ಹೊಸ ಬಟ್ಟೆಯ ತುಂಡು ಮಡಿಸಿ ಮೇಲಿಟ್ಟಿದ್ದಳು. ಶಾಲಿನಿ ಅದರ ಕಡೆ ನೋಡಲಾರದೆ ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಸುಲಿದಳು. ಕಾಗದ ತಂದಿಲ್ಲ ಅಜ್ಜಿ, ಫೋಟೋ ಇದೆ, ಎಂದಳು. ಹೇಳಬೇಕೆಂದಿದ್ದ ಮೂರರಲ್ಲಿ ಇದು ಯಾವುದೂ ಅಲ್ಲ. "ಪೋಟಾನೇ ತೋರ್ಸು, ಎಂಗದೆ ನೋಡವ" ಎಂದು ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು. ಶಾಲಿನಿ ಫೋನಿನಲ್ಲಿ ಚಿತ್ರ ತೆರೆದು ಅವಳ ಎರಡೂ ಅಂಗೈ ಮೇಲಿಟ್ಟಳು.

ಅಜ್ಜಿ ಅದನ್ನು ಕಾಣುವ ಕಣ್ಣಿನ ಹತ್ತಿರಕ್ಕೆ ಹಿಡಿದಳು. ಓದಲು ಬಾರದಿದ್ದರೂ ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು, ಎಪ್ಪತ್ತು ವರ್ಷ ಬಿಸಿಲಿಗೆ ಹಿಡಿದ ಹಾಳೆಯಲ್ಲಿ ಯಾವುದು ಎಲ್ಲಿದೆಯೆಂದು ಅವಳಿಗೆ ಗೊತ್ತು. ಇಲಿ ತಿಂದ ಅಂಚು ಕಂಡು ತಲೆದೂಗಿದಳು. "ಇದೇ ಕಣವ್ವ, ಇದೇಯ." ಮುಖ ಹಿಗ್ಗಿತು. ಆಮೇಲೆ ಎಡಮೂಲೆಗೆ ಬಂದು ನಿಂತಳು. ಫೋನನ್ನು ಇನ್ನೂ ಹತ್ತಿರ ಹಿಡಿದಳು, ದೂರ ಹಿಡಿದಳು. ಸೆರಗಿನ ತುದಿಯಿಂದ ಆ ಮೂಲೆಯನ್ನು ಉಜ್ಜಿದಳು. ಚಿತ್ರ ಪಕ್ಕಕ್ಕೆ ಜಾರಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. "ಬೆಳ್ಳು ತಗಿ ಮಗ" ಎಂದಳು. "ಅಡ್ಡ ಅದೆ. ನಮ್ಮಪ್ಪುಂದು ಕಾಣಾಕಿಲ್ಲ."

ಶಾಲಿನಿಯ ಎರಡೂ ಕೈ ಅವಳದೇ ಮಡಿಲಲ್ಲಿದ್ದವು, ಅವರೆಕಾಳು ಹಿಡಿದುಕೊಂಡಿದ್ದವು. "ಅದು ತೆಗೆಯೋಕೆ ಬರಲ್ಲ ಅಜ್ಜಿ" ಎಂದಳು.

ಚಿಕ್ಕಬೋರಮ್ಮ ಫೋನಿನಿಂದ ಕಣ್ಣು ಕೀಳಲಿಲ್ಲ. ಗೆಣ್ಣಿನ ಮೇಲಿನ ಬಿಳಿ ಗೆರೆಯನ್ನು ಅವಳು ಗುರುತು ಹಿಡಿದಿದ್ದಳು.

"ಯಾಕ್ ಬರಲ್ಲ?" ಎಂದಳು. "ನಿನ್ ಬೆಳ್ಳೇ ತಾನೇ?"